ಗಾಲ್ಫ್ ಮೈದಾನದ ಮಗ್ಗುಲಲ್ಲಿ

ಅಮೆರಿಕಕ್ಕೆ ಹೋಗಿ ಬಂದವರು ನಯಾಗರದ ಬಗ್ಗೆಯೋ ಗೋಲ್ಡನ್ ಗೇಟ್ ಸೇತುವೆಯ ಬಗ್ಗೆಯೋ ನಾಲ್ಕು ಪುಟ ಬರೆಯಬೇಕೆಂಬುದು ಎಲ್ಲಿಯೂ ಬರೆದಿಡದ ಒಂದು ನಿಯಮ. 2023ರ ಅಕ್ಟೋಬರಿನಲ್ಲಿ ನಾನು ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಮೂರು ತಿಂಗಳಿದ್ದು ಬಂದ ಮೇಲೆ ಬಂಧುಗಳೂ ಹಳೆಯ ವಿದ್ಯಾರ್ಥಿಗಳೂ ಅಂಥದೊಂದು ಬರಹಕ್ಕಾಗಿ ಕಾದು, ಕೊನೆಗೆ ಆಸೆ ಬಿಟ್ಟರೆಂದು ಕಾಣುತ್ತದೆ. ಸೇತುವೆಯನ್ನು ನಾನೂ ನೋಡಿದೆ. ಮಂಜಿನಲ್ಲಿ ಅರ್ಧವೇ ಕಂಡಿತು. ಅದರ ಚಿತ್ರ ನಿಮ್ಮೆಲ್ಲರ ಮನೆಯ ಕ್ಯಾಲೆಂಡರುಗಳಲ್ಲಿ ನನ್ನ ಕಣ್ಣಿಗೆ ಬಿದ್ದುದಕ್ಕಿಂತ ಚೆನ್ನಾಗಿಯೇ ಇದೆ. ನಾನು ಬರೆಯಬೇಕೆಂದಿರುವುದು ಅಲ್ಲಿಯ ಕಡಲತಡಿಯಲ್ಲಿ, ಖಾಸಗಿ ಗಾಲ್ಫ್ ಮೈದಾನವೊಂದರ ಮಗ್ಗುಲಲ್ಲಿ ನಿಂತು ಮೂರು ಬೆಳಗು ಹಕ್ಕಿಗಳನ್ನು ನೋಡಿದ ವಿಷಯ.

ಗಾಲ್ಫಿಗೂ ಈ ಮಾಸ್ತರನಿಗೂ ಏನು ಸಂಬಂಧವೆಂದು ನಗುವವರು ನಗಬಹುದು. ಆ ಆಟದ ಬಗ್ಗೆ ನನಗೆ ತಿಳಿದಿರುವುದು ಇಷ್ಟೇ: ಗದ್ದೆಬಯಲಿನಷ್ಟು ವಿಸ್ತಾರವಾದ ಹುಲ್ಲಿನ ನೆಲ, ಅದರಲ್ಲಿ ಹದಿನೆಂಟು ಕುಳಿ, ನೆಲ್ಲಿಕಾಯಿಗಿಂತ ತುಸು ದೊಡ್ಡದಾದ ಚೆಂಡನ್ನು ಕೋಲಿನಿಂದ ಹೊಡೆದು ಒಂದಾದ ಮೇಲೊಂದು ಕುಳಿಗೆ ಬೀಳಿಸಬೇಕು. ನಮ್ಮ ಗೋಲಿಯಾಟಕ್ಕೂ ಕುಳಿಯೇ ಆಧಾರ. ಆದರೆ ಗೋಲಿಗೆ ನೂರು ಎಕರೆ ಬೇಕಾಗಿರಲಿಲ್ಲ.

ಸ್ಥಳದ ಹೆಸರು ಮಾಂಟೆರೆ. ಸಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ ಎರಡು ಗಂಟೆಯ ಪಯಣ. ಶಾಂತಸಾಗರಕ್ಕೆ ಮೂಗು ಚಾಚಿದಂತಿರುವ ಒಂದು ಪರ್ಯಾಯ ದ್ವೀಪ ಅದು. ಅದರ ಅಂಚಿನಲ್ಲಿ ಹದಿನೇಳು ಮೈಲಿಯ ದಾರಿ ಎಂದೇ ಹೆಸರಾದ ಒಂದು ರಸ್ತೆಯಿದೆ. 1880ರಲ್ಲಿ ಅಲ್ಲಿ ಡೆಲ್ ಮಾಂಟೆ ಎಂಬ ದೊಡ್ಡ ಹೋಟೆಲ್ ಆಯಿತು. ಮರುವರ್ಷವೇ ಅದರ ಅತಿಥಿಗಳು ಕುದುರೆಗಾಡಿಯಲ್ಲಿ ಸುತ್ತಿಬರಲೆಂದು ಈ ದಾರಿಯಾಯಿತು. 1919ರಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ಎಂಬಾತ ಕಂಪನಿ ಕಟ್ಟಿ ಆ ಕಾಡು, ಆ ಕಡಲಂಚು ಎಲ್ಲವನ್ನೂ ಕೊಂಡನು. (ತಂತಿ ಯಂತ್ರದ ಮೋರ್ಸ್ ಇವನಲ್ಲ, ಇವನ ದೂರದ ಬಂಧು.) ಪೆಬಲ್ ಬೀಚ್ ಎಂಬ ಜಗತ್ಪ್ರಸಿದ್ಧ ಗಾಲ್ಫ್ ಮೈದಾನ ಆರಂಭವಾದದ್ದೂ ಅದೇ ವರ್ಷ. 1928ರಲ್ಲಿ ಸೈಪ್ರೆಸ್ ಪಾಯಿಂಟ್ ಬಂದಿತು. ಅದು ಸದಸ್ಯರ ಕ್ಲಬ್ಬು. ಹಣವಿದ್ದ ಮಾತ್ರಕ್ಕೆ ಯಾರೂ ಹೋಗಿ ಆಡುವಂತಿಲ್ಲ. ಹೀಗೆ ಒಂದರ ಪಕ್ಕ ಒಂದು ಗಾಲ್ಫ್ ಮೈದಾನಗಳು; ನಡುವೆ ಅರಮನೆಗಳಂಥ ಮನೆಗಳು; ರಸ್ತೆಯೂ ಖಾಸಗಿ. ಮೋಟಾರಿನಲ್ಲಿ ಬರುವ ಪ್ರವಾಸಿಗಳಿಗೆ ಸುಂಕದಕಟ್ಟೆಯುಂಟು. ನಾವು ಹೋದಾಗ ಒಂದು ಕಾರಿಗೆ ಸುಮಾರು 12 ಡಾಲರ್.

ಅಳಿಯ ಆ ಹಣ ಕೊಡಲು ಸಿದ್ಧನಾಗಿದ್ದ. ಮಗಳು ಮಾತ್ರ, "ಅಪ್ಪಾ, ನಡೆದು ಹೋದರೆ ದುಡ್ಡು ಕೇಳುವುದಿಲ್ಲ. ಹಕ್ಕಿ ನೋಡುವವರಿಗೆ ಕಾರು ಯಾಕೆ?" ಎಂದಳು. ಮಾಸ್ತರನ ಮಗಳು ಎಲ್ಲಿ ಹೋದರೂ ಮಾಸ್ತರನ ಮಗಳೇ. ಉತ್ತರದ ಆಸಿಲೋಮಾರ್ ಎಂಬ ಕಡಲದಂಡೆಯಲ್ಲಿ ನನ್ನನ್ನೂ ಹತ್ತು ವರ್ಷದ ಮೊಮ್ಮಗಳನ್ನೂ ಇಳಿಸಿ, ಮೊಮ್ಮಗಳ ಕೈಗೆ ಫೋನನ್ನೂ ನನ್ನ ಕೈಗೆ ನೀರಿನ ಬಾಟಲಿಯನ್ನೂ ಕೊಟ್ಟು ಅವರಿಬ್ಬರು ಹೊರಟುಹೋದರು. ನವೆಂಬರಿನ ಒಂದು ದೀರ್ಘ ವಾರಾಂತ್ಯ ಅದು. ಮೂರೂ ಬೆಳಗು ಇದೇ ಏರ್ಪಾಡು ನಡೆಯಿತು.

ಹಲಗೆ ಹಾಸಿದ ಕಾಲುದಾರಿ ಮರಳುದಿಬ್ಬಗಳ ನಡುವೆ ಸಾಗುತ್ತದೆ. ಬಲಕ್ಕೆ ಸಮುದ್ರ, ಎಡಕ್ಕೆ ಗಾಲ್ಫಿನ ಹುಲ್ಲು. ಆ ಎಸ್ಟೇಟಿನ ಗಡಿಗೆ ಬಂದಾಗ ನನ್ನ ಕಾಲು ತಾನಾಗಿ ನಿಂತಿತು. ಬೇಲಿ ಕಂಡಲ್ಲಿ ನಿಲ್ಲುವುದು ನಮ್ಮ ಕಡೆಯವರಿಗೆ ರೂಢಿಯಾಗಿಬಿಟ್ಟಿದೆ. ಮೊಮ್ಮಗಳು ಕೈ ಹಿಡಿದೆಳೆದು, "ಅಜ್ಜ, ನೋಡಿಲ್ಲಿ" ಎಂದು ಒಂದು ಕಂಬವನ್ನು ತೋರಿಸಿದಳು. ಅದರ ಮೇಲೆ ಒಂದು ಚಿತ್ರ: ಅಲೆ, ಅಲೆಯ ಮೇಲೆ ಒಂದು ಬರಿಗಾಲು. ಕಡಲಿಗೆ ಇಳಿಯುವ ದಾರಿ ಎಲ್ಲರದು ಎಂಬುದಕ್ಕೆ ಆ ರಾಜ್ಯದ ಗುರುತು ಅದು. ಅಕ್ಷರ ಬಾರದವನಿಗೂ ತಿಳಿಯುತ್ತದೆ. ಮುಂದೆ ಹೋದಂತೆ ಅಂಥ ಬರಿಗಾಲುಗಳು ಹಲವು ಕಂಡವು. ಒಂದೊಂದು ಕಂಡಾಗಲೂ ನನ್ನ ಮನಸ್ಸಿನೊಳಗೆ ಏನೋ ಕುಟುಕಿತು. ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲು ಹಕ್ಕಿಗಳು.

ದಡದಿಂದ ಸ್ವಲ್ಪ ದೂರದಲ್ಲಿ ನೀರಿನ ನಡುವೆ ಒಂದು ಬಂಡೆಯಿದೆ. ಅದರ ಹೆಸರೇ ಬರ್ಡ್ ರಾಕ್, ಹಕ್ಕಿಬಂಡೆ. ಹಿಕ್ಕೆಯಿಂದ ಅದರ ನೆತ್ತಿ ಸುಣ್ಣ ಬಳಿದಂತೆ ಬಿಳುಪು. ಬಂಡೆಯ ಬುಡದಲ್ಲಿ ಕಡಲಸಿಂಹಗಳು ಒಂದರ ಮೇಲೊಂದು ಬಿದ್ದುಕೊಂಡು ಜಗಳವಾಡುತ್ತಿರುತ್ತವೆ. ಅವುಗಳ ಬೊಗಳಿಕೆ ರಸ್ತೆಗೂ ಕೇಳುತ್ತದೆ. ಮೇಲೆ ಸಾಲುಸಾಲಾಗಿ ನೀರುಕಾಗೆಗಳು. ನಮ್ಮ ಕೆರೆಗಳ ನೀರುಕಾಗೆಗಿಂತ ಇವು ದೊಡ್ಡವು. ಬ್ರಾಂಟನ ನೀರುಕಾಗೆ ಎಂದು ಹೆಸರು. ಮರಿಮಾಡುವ ಕಾಲದಲ್ಲಿ ಇವುಗಳ ಗಂಟಲು ನೀಲಿಯಾಗುತ್ತದಂತೆ. ನಾನು ಹೋದ ಕಾಲದಲ್ಲಿ ಆ ಸೊಗಸು ಇರಲಿಲ್ಲ. ರೆಕ್ಕೆ ಬಿಚ್ಚಿ ಒಣಗಿಸುವ ಭಂಗಿ ಮಾತ್ರ ಮಳೆಗಾಲದಲ್ಲಿ ಕೊಡೆ ಒಣಹಾಕಿದಂತೆ ಥೇಟ್ ನಮ್ಮೂರಿನದೇ.

ಅಲೆ ಬಡಿಯುವ ಕರಿಬಂಡೆಗಳ ಮೇಲೆ ಇನ್ನೊಂದು ಹಕ್ಕಿ. ಮೈಯೆಲ್ಲ ಕಪ್ಪಾದ್ದರಿಂದ ಬಂಡೆಯೂ ಅದೂ ಒಂದೇ ಆಗಿ ಕಾಣುತ್ತವೆ. ಕೆಂಡದಂತಹ ಉದ್ದನೆಯ ಕೊಕ್ಕು ಅಲುಗಿದಾಗಲೇ ಅದು ಹಕ್ಕಿಯೆಂದು ತಿಳಿಯುವುದು. ಬ್ಲ್ಯಾಕ್ ಆಯಿಸ್ಟರ್‌ಕ್ಯಾಚರ್. ಹೆಸರಿನಲ್ಲಿ ಆಯಿಸ್ಟರ್ ಇದ್ದರೂ ಅದರ ಮುಖ್ಯ ಆಹಾರ ಬಂಡೆಗೆ ಅಂಟಿದ ಪಚ್ಚಿಲೆಯಂಥ ಚಿಪ್ಪುಜೀವಿಗಳು. ಚಿಪ್ಪು ತುಸುವೇ ಬಾಯಿ ಬಿಟ್ಟ ಕ್ಷಣ ನೋಡಿ ಕೊಕ್ಕನ್ನು ಉಳಿಯಂತೆ ತೂರಿಸುತ್ತದೆ. ಗೂಡೆಂದರೆ ಭರತದ ನೀರು ಮುಟ್ಟುವ ಗೆರೆಗಿಂತ ತುಸುವೇ ಮೇಲೆ, ಬಂಡೆಯ ಬಿರುಕಿನಲ್ಲಿ ಒಂದು ಹಿಡಿ ಕಲ್ಲುಚೂರು, ಅಷ್ಟೇ. ಒಂದು ಜೋಡಿ ವರ್ಷವಿಡೀ ತನ್ನ ಬಂಡೆಗಳನ್ನು ಬಿಟ್ಟು ಕದಲುವುದಿಲ್ಲ. ಮೂರು ಬೆಳಗೂ ಅದೇ ಜಾಗದಲ್ಲಿ ಅದೇ ಎರಡು ಕೆಂಪು ಕೊಕ್ಕು ಕಂಡೆವು. ಮೊಮ್ಮಗಳು ಅವುಗಳಿಗೆ ತನ್ನ ಶಾಲೆಯ ಇಬ್ಬರು ಶಿಕ್ಷಕಿಯರ ಹೆಸರಿಟ್ಟಳು. ಇಲ್ಲಿ ಬರೆಯಬಾರದೆಂದು ಆಣೆ ಮಾಡಿಸಿಕೊಂಡಿದ್ದಾಳೆ.

ಇನ್ನು ಹೆಜ್ಜಾರ್ಲೆಗಳು. ಕೊಕ್ಕರೆ ಬೆಳ್ಳೂರಿಗೆ ಪ್ರವಾಸ ಬಂದಿದ್ದ ತಂಡದವರಿಗೆ ನಮ್ಮ ಹೆಜ್ಜಾರ್ಲೆ ನೆನಪಿರಬಹುದು. ಗಂಭೀರವಾಗಿ ಈಜುತ್ತಾ ಜೋಳಿಗೆಯಂಥ ಕೊಕ್ಕಿನಿಂದ ಮೀನನ್ನು ಮೊಗೆಯುವ ಹಿರಿಯ ಅದು. ಅಲ್ಲಿನ ಕಂದು ಹೆಜ್ಜಾರ್ಲೆ ಮೊಗೆಯುವುದಿಲ್ಲ. ಹತ್ತು ಹದಿನೈದು ಮೀಟರ್ ಎತ್ತರದಿಂದ ರೆಕ್ಕೆ ಮಡಚಿ, ತಲೆಕೆಳಗಾಗಿ ಸಮುದ್ರಕ್ಕೆ ಬೀಳುತ್ತದೆ. ಬೀಳುವ ಸದ್ದು ದಡಕ್ಕೆ ಕೇಳುತ್ತದೆ. ಅದು ತಲೆಯೆತ್ತಿ ಜೋಳಿಗೆಯ ನೀರು ಸೋಸುವಷ್ಟರಲ್ಲಿ ಹೀರ್ಮನ್ನನ ಕಡಲಕಾಗೆ ಎಂಬ ಬೂದುಬಣ್ಣದ ಹಕ್ಕಿ ಬಳಿಸಾರಿ ಕೊಕ್ಕಿನೊಳಗಿನ ಮೀನನ್ನೇ ಕಸಿಯಲು ನೋಡುತ್ತದೆ. ಈ ಕಳ್ಳರಲ್ಲಿ ಹೆಚ್ಚಿನವರ ತವರು ಮೆಕ್ಸಿಕೋದ ರಾಸಾ ಎಂಬ ಒಂದೇ ಒಂದು ಪುಟ್ಟ ದ್ವೀಪ. ಅಷ್ಟು ದೂರದಿಂದ ಬಂದು ಕಳ್ಳತನವೇ ಕಸುಬು!

ಸಾಲಾಗಿ, ಅಲೆಯ ನೆತ್ತಿಯನ್ನು ಸವರುವಂತೆ ಹೆಜ್ಜಾರ್ಲೆಗಳು ಹೋಗುವುದನ್ನು ನಾನು ಒಮ್ಮೆ ಎಣಿಸುತ್ತಾ ಎಣಿಸುತ್ತಾ ನಲವತ್ತನ್ನು ದಾಟಿದೆ. ನನ್ನ ಪ್ರಾಯದವರು 1970ರಲ್ಲಿ ಅಲ್ಲಿ ನಿಂತಿದ್ದರೆ ಹೀಗೆ ಎಣಿಸುವ ಭಾಗ್ಯವಿರುತ್ತಿರಲಿಲ್ಲ. ಆ ವರ್ಷ ದಕ್ಷಿಣದ ಆನಕಾಪಾ ದ್ವೀಪದಲ್ಲಿ ನೂರಾರು ಗೂಡು ಕಟ್ಟಿದ ಹೆಜ್ಜಾರ್ಲೆಗಳಲ್ಲಿ ಬದುಕಿ ಉಳಿದದ್ದು ಒಂದೇ ಮರಿ. ಕಾರಣ ಡಿಡಿಟಿ. ಲಾಸ್ ಏಂಜಲೀಸಿನ ಕಾರ್ಖಾನೆಯೊಂದು ಅದರ ತ್ಯಾಜ್ಯವನ್ನು ಚರಂಡಿಯ ಮೂಲಕ ಕಡಲಿಗೆ ಬಿಡುತ್ತಿತ್ತು. ಮೀನು ತಿಂದ ಹೆಜ್ಜಾರ್ಲೆಯ ಮೈಗೆ ಆ ವಿಷ ಸೇರಿ ಮೊಟ್ಟೆಯ ಚಿಪ್ಪು ಹಾಳೆಯಂತೆ ತೆಳುವಾಗುತ್ತಿತ್ತು. ಹೆಜ್ಜಾರ್ಲೆ ಕೋಳಿಯಂತೆ ಎದೆಯಿಂದ ಕಾವು ಕೊಡುವುದಿಲ್ಲ. ಮೊಟ್ಟೆಯನ್ನು ಜಾಲಪಾದದ ಅಡಿಯಲ್ಲಿಟ್ಟು ಕಾವು ಕೊಡುತ್ತದೆ. ತೆಳು ಚಿಪ್ಪು ತಾಯಿಯ ಭಾರಕ್ಕೇ ಒಡೆಯುತ್ತಿತ್ತು. ಅಮೆರಿಕ ಡಿಡಿಟಿಯನ್ನು 1972ರಲ್ಲಿ ನಿಷೇಧಿಸಿತು; 2009ರಲ್ಲಿ ಕಂದು ಹೆಜ್ಜಾರ್ಲೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಯಿಂದ ಕೈಬಿಡಲಾಯಿತು.

ಡಿಡಿಟಿ ನಮಗೇನೂ ಹೊಸ ಹೆಸರಲ್ಲ. ನನ್ನ ಬಾಲ್ಯದಲ್ಲಿ ಮಲೇರಿಯಾ ಇಲಾಖೆಯವರು ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದು ಅಡುಗೆಮನೆಯ ಗೋಡೆಯವರೆಗೂ ಅದನ್ನು ಸಿಂಪಡಿಸಿ, ಬಾಗಿಲ ಪಕ್ಕ ದಿನಾಂಕ ಬರೆದು ಹೋಗುತ್ತಿದ್ದರು. ಜ್ವರ ಕಡಿಮೆಯಾದದ್ದೂ ನಿಜ. ಅದಿರಲಿ. ಆ ಬಂಡೆಯೆದುರು ನಿಂತು ನಾನು ಯೋಚಿಸಿದ್ದು ಬೇರೆ: ಮಾಂಟೆರೆಯ ಶ್ರೀಮಂತರು ಎಷ್ಟೇ ಎತ್ತರದ ಬೇಲಿ ಹಾಕಿದ್ದರೂ ಆ ಹಕ್ಕಿಯ ಮೊಟ್ಟೆ ಉಳಿಯುತ್ತಿರಲಿಲ್ಲ. ವಿಷ ಬಂದದ್ದು ನೀರಿನಲ್ಲಿ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಹುಣಿಸೆಮರಗಳೂ ಖಾಸಗಿ ಆಸ್ತಿಯೇ. ಆದರೆ ಅಲ್ಲಿಯ ಜನ ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸಿ ಹುಣಿಸೆಯ ಫಸಲನ್ನೇ ಬಿಟ್ಟುಕೊಟ್ಟವರು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಆಸ್ತಿ ಎಂಬ ಒಂದೇ ಮಾತಿಗೆ ಎಷ್ಟು ಅರ್ಥಗಳಿವೆ ನೋಡಿ.

ಗಾಲ್ಫಿನವರಿಗೆ ಅನ್ಯಾಯ ಮಾಡಬಾರದು. ಆ ಹುಲ್ಲೂ ಹಕ್ಕಿಗಳಿಗೆ ಬೇಕು. ಎರಡನೆಯ ಬೆಳಗು ಹಕ್ಕಿಬಂಡೆಗೆ ಬೆನ್ನು ಮಾಡಿ, ರಸ್ತೆಯಾಚೆಯ ಖಾಸಗಿ ಮೈದಾನದತ್ತ ದುರ್ಬೀನು ತಿರುಗಿಸಿದೆ. ಆಳೆತ್ತರಕ್ಕೆ ಸಮೀಪದ ನೀಲಿಬೂದು ಬಕವೊಂದು ನೀರಿಲ್ಲದ ಹುಲ್ಲಿನ ನಡುವೆ ಧ್ಯಾನಸ್ಥವಾಗಿತ್ತು. ಬಕನಿಗೆ ಇಲ್ಲೇನು ಕೆಲಸವೆನ್ನುವಷ್ಟರಲ್ಲಿ ಕೊಕ್ಕು ಮಿಂಚಿನಂತೆ ನೆಲಕ್ಕಿಳಿದು, ತೋಡದಂತೆ ಬಿಲದಲ್ಲಿ ವಾಸಿಸುವ ಗೋಫರ್ ಎಂಬ ಇಲಿಯೊಂದನ್ನು ಎತ್ತಿತು, ಇಡಿಯಾಗಿ ನುಂಗಿತು. ಗೋಫರ್ ಹುಲ್ಲನ್ನು ಕೆಡಿಸುವ ಪ್ರಾಣಿಯಾದ್ದರಿಂದ ಮೈದಾನದವರಿಗೆ ಈ ಬಕ ಸಂಬಳವಿಲ್ಲದ ನೌಕರ.

ಅದರಾಚೆ, ಕತ್ತರಿಸಿದ ಹುಲ್ಲಿನ ಮೇಲೆ ಹತ್ತು ಹನ್ನೆರಡು ಹಕ್ಕಿಗಳು ನಾಲ್ಕು ಹೆಜ್ಜೆ ಓಡಿ, ತಟಕ್ಕನೆ ನಿಂತು, ತಲೆವಾಲಿಸಿ, ಮತ್ತೆ ಓಡುತ್ತಿದ್ದವು. ಆ ಓಟವನ್ನು ನೋಡಿದೊಡನೆ ನನ್ನ ಎದೆ ಒಮ್ಮೆ ಧಸಕ್ಕೆಂದಿತು. ಅಷ್ಟರಲ್ಲಿ ಒಂದು ಹಾರಿತು. ರೆಕ್ಕೆಯ ಕಂಕುಳಲ್ಲಿ ಶಾಯಿ ಚೆಲ್ಲಿದಂತೆ ಕಪ್ಪು ಮಚ್ಚೆ. ಮೂರು ಸ್ವರದ, ಯಾರನ್ನೋ ಕರೆಯುವಂತಹ ಸಿಳ್ಳು. ಗ್ರೇ ಪ್ಲವರ್! ಅಮೆರಿಕದವರು ಅದನ್ನು ಕಪ್ಪು ಹೊಟ್ಟೆಯ ಪ್ಲವರ್ ಎನ್ನುತ್ತಾರೆ. ಬೇಸಗೆಯಲ್ಲಿ ಅದರ ಹೊಟ್ಟೆ ಕಪ್ಪಾಗುತ್ತದೆ. ಜಾತಿ ಒಂದೇ. ಉತ್ತರ ಧ್ರುವದ ಸುತ್ತಣ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಅರ್ಧ ಜಗತ್ತಿನ ಕಡಲಂಚುಗಳಿಗೆ ಹಂಚಿಹೋಗುವ ಹಕ್ಕಿ. ಅದರ ಒಂದು ಪಾಲು ಕ್ಯಾಲಿಫೋರ್ನಿಯಾದ ಪಾಲಿಗೆ, ಒಂದು ಪಾಲು ನಮ್ಮ ಉತ್ತರ ಕನ್ನಡದ ಪಾಲಿಗೆ. ನಮ್ಮ ಗದ್ದೆಯ ಟಿಟ್ಟಿಭಕ್ಕೆ ಹತ್ತಿರದ ಬಂಧು. "ಓಡು, ನಿಲ್ಲು, ನೋಡು" ಎಂದು ನಾನು ನಿಮಗೆಲ್ಲ ಹೇಳಿಕೊಟ್ಟಿದ್ದೆನಲ್ಲ, ಅದೇ.

ಆ ಹೊತ್ತಿಗೆ ಮೈದಾನದಲ್ಲಿ ಒಬ್ಬ ಹಿರಿಯರು ಚೆಂಡಿಟ್ಟು ಹೊಡೆಯಲು ಸಿದ್ಧರಾಗಿದ್ದರು. ನನ್ನ ದುರ್ಬೀನು ಯಾವ ಕಡೆ ತಿರುಗಿದೆಯೆಂದು ನೋಡಿ ತಾವೂ ಆ ಕಡೆ ನೋಡಿದರು. ಕೋಲನ್ನು ಕೆಳಗಿಟ್ಟು ಹುಲ್ಲಿನ ಅಂಚಿನವರೆಗೆ ನಡೆದುಬಂದು, ಅವು ಏನು ಹಕ್ಕಿಗಳೆಂದು ಕೇಳಿದರು. ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಉಚ್ಚಾರಣೆ ಎಲ್ಲಿ ತೊಡಕಾಯಿತೋ ಅಲ್ಲಿ ಮೊಮ್ಮಗಳು ಸರಿಪಡಿಸಿದಳು. ಈ ಹಕ್ಕಿ ನಮ್ಮ ಊರಿಗೂ ಬರುತ್ತದೆ ಎಂದಾಗ ಅವರು ನಿಜವಾಗಿ ಬೆರಗಾದರು. ಅವರು ಹುಲ್ಲು ದಾಟಲಿಲ್ಲ, ನಾನು ರಸ್ತೆ ದಾಟಲಿಲ್ಲ. ಹಕ್ಕಿಗಳು ಓಡುತ್ತೋಡುತ್ತ ಒಂದು ಬದಿಗೆ ಸರಿಯುವ ತನಕ ಅವರು ಚೆಂಡು ಹೊಡೆಯಲೂ ಇಲ್ಲ. ಹೊರಡುವ ಮುನ್ನ ಸೌಜನ್ಯಕ್ಕೆಂದು ಒಂದು ಪ್ರಶ್ನೆ ಕೇಳಿದರು: ಊರಿನಲ್ಲಿ ನೀವು ಇವನ್ನು ಎಲ್ಲಿ ನಿಂತು ನೋಡುತ್ತೀರಿ?

ಉತ್ತರವೇನೋ ಕೊಟ್ಟೆ, ಕಡಲ ದಂಡೆಯಲ್ಲಿ ಎಂದು. ಆ ಉತ್ತರ 2019ರವರೆಗೆ ಮಾತ್ರ ನಿಜ.

ಅಘನಾಶಿನಿಯ ಅಳಿವೆಗೆ ದಕ್ಷಿಣದ ಆ ದಂಡೆಗೆ ಇಳಿಯಲು ಗಾಳಿಮರಗಳ ತೋಪಿನ ನಡುವೆ ಕೇದಿಗೆಯ ಹಿಂಡಿಲನ್ನು ಬಳಸಿಕೊಂಡು ಹೋಗುವ ಕಾಲುದಾರಿ ನಿಮ್ಮಲ್ಲಿ ಎಷ್ಟೋ ಜನ ನಡೆದ ದಾರಿ. 1983ರಿಂದ ನಾನು ನಿವೃತ್ತನಾದ 2011ರವರೆಗೆ, ಪ್ರತಿವರ್ಷ ನವೆಂಬರಿನ ಒಂದು ಶನಿವಾರ ಒಂಬತ್ತನೆಯ ತರಗತಿಯನ್ನು ಆ ದಾರಿಯಲ್ಲಿ ಕರೆದೊಯ್ದಿದ್ದೇನೆ. ಶಾಲೆಗೆ ಇದ್ದದ್ದು ಒಂದೇ ದುರ್ಬೀನು. ಒಬ್ಬರಿಗೆ ಇಪ್ಪತ್ತು ಎಣಿಸುವಷ್ಟು ಹೊತ್ತು ಮಾತ್ರ. ಅದಕ್ಕಾಗಿ ನಡೆದ ಜಗಳಗಳನ್ನು ನಾನು ಮರೆತಿಲ್ಲ. ಅದಕ್ಕೂ ಮುಂಚೆ ಬಲೆ ಹೊತ್ತವರು, ಮೀನಿನ ಬುಟ್ಟಿ ಹೊತ್ತವರು, ಬೆಳಚು ಹೆಕ್ಕಲು ಹೋಗುವ ಹೆಂಗಸರು ಎಷ್ಟು ತಲೆಮಾರು ಅಲ್ಲಿ ನಡೆದಿದ್ದರೋ.

2019ರಲ್ಲಿ ಆ ತೋಪು ಕೈಬದಲಾಗಿ, ಒಂದು ರೆಸಾರ್ಟಿನ ಕಾಂಪೌಂಡು ಎದ್ದಿತು. ಕೇದಿಗೆ ಹೋಯಿತು, ದಾರಿ ಗೋಡೆಯ ಒಳಗಾಯಿತು. ದಂಡೆಗೆ ಹೋಗಬೇಕಾದರೆ ಈಗ ಮೂರು ಕಿಲೋಮೀಟರ್ ಸುತ್ತು. ಆ ವರ್ಷದ ನವೆಂಬರಿನಲ್ಲಿ ರೂಢಿಯಂತೆ ದುರ್ಬೀನು ಕೊರಳಿಗೆ ಹಾಕಿಕೊಂಡು ಹೋದೆ. ಗೇಟಿನಲ್ಲಿದ್ದ ಹುಡುಗ ಎದ್ದು ನಿಂತು ಕೈಮುಗಿದ. "ಮಾಸ್ತರ್ರೇ, ಅಪ್ಪ ನಿಮ್ಮ ಹತ್ತಿರ ಕಲಿತವರು. ನಿಮ್ಮನ್ನು ತಡೆಯುವುದಕ್ಕೆ ನನಗೇ ನಾಚಿಕೆ. ಆದರೆ ಕ್ಯಾಮೆರಾ ಇದೆ, ಕೆಲಸ ಹೋಗುತ್ತದೆ" ಎಂದ. ಅವನಿಗೇನು ಹೇಳಲಿ? ಅವನ ಅಪ್ಪ ಆ ದಾರಿಯಲ್ಲಿ ನನ್ನೊಂದಿಗೆ ನಡೆದವನು. ಮಗನಿಗೆ ಅದೇ ಜಾಗದಲ್ಲಿ ಸಂಬಳ. ಅವನ ಅನ್ನಕ್ಕೆ ಕಲ್ಲು ಹಾಕಲು ಮನಸ್ಸು ಬರಲಿಲ್ಲ, ಹಿಂತಿರುಗಿದೆ.

ಮಾಂಟೆರೆಯ ಬರಿಗಾಲಿನ ಕಂಬಗಳು ನನ್ನನ್ನು ಕುಟುಕಿದ್ದು ಇದರಿಂದ. ಅಷ್ಟು ಹಣವಂತರು ಅಷ್ಟು ದೊಡ್ಡ ಬೇಲಿ ಹಾಕಿಕೊಂಡಿರುವ ಕಡೆ ಈ ಮುದುಕ ದುಡ್ಡು ಕೊಡದೆ ಹೇಗೆ ನಡೆದ ಎಂದು ಮಗಳ ಮನೆಯ ಪಕ್ಕದ ಗ್ರಂಥಾಲಯದಲ್ಲಿ ಕುಳಿತು ಓದಿದೆ. ಅದು ಯಾರ ಔದಾರ್ಯವೂ ಅಲ್ಲ. ಕಡಲತೀರದ ಜಮೀನಿನ ಒಡೆಯ ನೀರಿಗೆ ಹೋಗುವ ಸಾರ್ವಜನಿಕರ ದಾರಿಗೆ ಅಡ್ಡಬರುವಂತಿಲ್ಲವೆಂಬ ಮಾತು ಆ ರಾಜ್ಯದ ಸಂವಿಧಾನಕ್ಕೆ ಸೇರಿದ್ದು 1879ರಲ್ಲಿ. ಬರೆದಿಟ್ಟದ್ದು ಮಾತ್ರಕ್ಕೆ ನಡೆದುಬರಲಿಲ್ಲ. ಮುಂದಿನ ತೊಂಬತ್ತು ವರ್ಷಗಳಲ್ಲಿ ಮನೆ, ಹೋಟೆಲ್, ಬೇಲಿಗಳು ತೀರದುದ್ದಕ್ಕೂ ಎದ್ದವು. ಮಾಂಟೆರೆಯಲ್ಲಿಯೇ ಕಡಲಂಚಿನಲ್ಲಿ ಚೀನೀ ಬೆಸ್ತರ ಒಂದು ಕೇರಿಯಿತ್ತು. 1906ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಅವರನ್ನು ಅಲ್ಲಿ ಮತ್ತೆ ಕಟ್ಟಗೊಡಲಿಲ್ಲ. 1972ರಲ್ಲಿ ಜನರೇ ಮತದಾನದ ಮೂಲಕ ತೀರ ಆಯೋಗವನ್ನು ತಂದರು. 1976ರಲ್ಲಿ ಕರಾವಳಿ ಕಾಯಿದೆಯಾಯಿತು. ಆ ಬಳಿಕ ತೀರದಲ್ಲಿ ಹೊಸದೇನನ್ನು ಕಟ್ಟಬೇಕಾದರೂ ಜನರ ದಾರಿಯ ಪ್ರಶ್ನೆ ಮೊದಲು ಬರುತ್ತದೆ.

ಆ ಆಯೋಗಕ್ಕೆ ಹಲ್ಲಿದೆ ಎಂಬುದಕ್ಕೆ ಸಾಕ್ಷಿ ಅಲ್ಲಿಯೇ ಇದೆ. ಪೈನ್ ಕಾಡನ್ನು ಕಡಿದು ಇನ್ನೊಂದು ಗಾಲ್ಫ್ ಮೈದಾನ ಮಾಡಲು ಕಂಪನಿ ಯೋಜನೆ ಹಾಕಿತ್ತು. ಮಾಂಟೆರೆ ಪೈನ್ ಎಂಬ ಆ ಮರ ಸ್ವಾಭಾವಿಕವಾಗಿ ಬೆಳೆಯುವುದು ಕ್ಯಾಲಿಫೋರ್ನಿಯಾದ ತೀರದ ಮೂರು ತಾವುಗಳಲ್ಲಿ ಮತ್ತು ಮೆಕ್ಸಿಕೋದ ಎರಡು ದ್ವೀಪಗಳಲ್ಲಿ ಮಾತ್ರ. ಕಂಪನಿಯ ಒಡೆಯರಲ್ಲಿ ಚಲನಚಿತ್ರ ನಟ ಕ್ಲಿಂಟ್ ಈಸ್ಟ್‌ವುಡ್ ಕೂಡ ಒಬ್ಬರು. 2007ರಲ್ಲಿ ಆಯೋಗ ಆ ಯೋಜನೆಯನ್ನು ತಿರಸ್ಕರಿಸಿತು. 2012ರಲ್ಲಿ ಒಪ್ಪಿಗೆ ಪಡೆದ ಬದಲಿ ಯೋಜನೆಯಲ್ಲಿ ಹೊಸ ಗಾಲ್ಫ್ ಮೈದಾನವಿರಲಿಲ್ಲ. 635 ಎಕರೆ ಕಾಡು ಉಳಿಯಿತು.

ಹೋಗುವವರೆಲ್ಲ ಒಳ್ಳೆಯವರು, ಬೇಲಿ ಹಾಕುವವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅಳಿಲಿಗೆ ಬಿಸ್ಕತ್ತು ಎಸೆಯುವ, ಚಿತ್ರ ತೆಗೆಯಲೆಂದು ಆಯಿಸ್ಟರ್‌ಕ್ಯಾಚರಿನ ಬಂಡೆಗೇ ಹತ್ತುವ ಪ್ರವಾಸಿಗಳನ್ನೂ ಕಂಡೆ. ಮೂರನೆಯ ಬೆಳಗು ನಾವು ನೋಡಿದ ಫ್ಯಾನ್‌ಶೆಲ್ ಎಂಬ ಬಿಳಿಮರಳಿನ ದಂಡೆ ಸೈಪ್ರೆಸ್ ಪಾಯಿಂಟ್ ಮೈದಾನಕ್ಕೆ ಅಂಟಿಕೊಂಡೇ ಇದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೀಲ್‌ಗಳು ಅಲ್ಲಿ ಮರಿ ಹಾಕುವುದರಿಂದ ಆ ದಂಡೆಯನ್ನು ಮುಚ್ಚಿಬಿಡುತ್ತಾರಂತೆ. ಅದನ್ನು ನಾನು ಎರಡೂ ಕೈಯಿಂದ ಒಪ್ಪುತ್ತೇನೆ. ಬಾಣಂತಿಯ ಕೋಣೆಯ ಬಾಗಿಲು ಅದು, ಕ್ಲಬ್ಬಿನ ಸದಸ್ಯನಿಗೂ ನನಗೂ ಸಮನಾಗಿ ಮುಚ್ಚುತ್ತದೆ. ಹಕ್ಕಿಯ ಹೆಸರಿನಲ್ಲಿ ನನ್ನನ್ನು ಹೊರಗಿಟ್ಟು, ಅದೇ ಮರಳಿನಲ್ಲಿ ಅತಿಥಿಗಳಿಗೆ ದೀಪ ಹಚ್ಚಿ ಊಟ ಹಾಕಿದರೆ ಅದನ್ನು ಒಪ್ಪಲು ನನ್ನಿಂದ ಆಗದು.

ಬೇಲಿ ಎಲ್ಲವನ್ನೂ ತಡೆಯುವುದೂ ಇಲ್ಲ. ಆ ತೀರದ ಒಬ್ಬ ಶಾಲಾ ಹುಡುಗಿ ತಂದೆಯೊಂದಿಗೆ ಉಸಿರು ಬಿಗಿಹಿಡಿದು ಮುಳುಗಿ, ಪೆಬಲ್ ಬೀಚಿನ ಮೈದಾನದ ಕೆಳಗಣ ಕಡಲತಳದಲ್ಲಿ ಬಿದ್ದಿದ್ದ ಗಾಲ್ಫ್ ಚೆಂಡುಗಳನ್ನು ಹೆಕ್ಕತೊಡಗಿದಳು. ಲೆಕ್ಕ 50 ಸಾವಿರವನ್ನು ದಾಟಿತು! ಸವೆದು ಸವೆದು ಪ್ಲಾಸ್ಟಿಕ್ಕಾಗಿ ನೀರಿಗೆ ಸೇರುವ ವಸ್ತು ಅದು. ಸ್ಟ್ಯಾನ್‌ಫರ್ಡಿನ ವಿಜ್ಞಾನಿಯೊಬ್ಬರ ಜೊತೆಗೂಡಿ ಅವಳು ಬರೆದ ಪ್ರಬಂಧ 2019ರಲ್ಲಿ ಪ್ರಕಟವಾಯಿತು. ಮೊಮ್ಮಗಳು ಈ ಕಥೆಯನ್ನು ನನಗೆ ಓದಿ ಹೇಳಿ, ತನಗೂ ಈಜು ಕಲಿಸಬೇಕೆಂದು ಹಟ ಹಿಡಿದಿದ್ದಾಳೆ.

ಓದಿದ್ದರಲ್ಲಿ ನನಗೆ ಎಲ್ಲಕ್ಕಿಂತ ಉಪಯುಕ್ತವಾಗಿ ಕಂಡದ್ದು ಇನ್ನೊಂದು. ಜನರು ಐದು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ, ತಮ್ಮದೇ ದಾರಿಯೆಂಬಂತೆ ನಡೆದು ದಂಡೆಗೆ ಹೋಗಿದ್ದರೆ ಆ ದಾರಿ ಸಾರ್ವಜನಿಕರದು ಎಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯ 1970ರಲ್ಲಿ ತೀರ್ಪು ಕೊಟ್ಟಿತು. ಮುಂದೆ ಶಾಸಕರು ಅದಕ್ಕೆ ಮಿತಿ ಹಾಕಿದರೂ ಹಳೆಯ ಬಳಕೆಯ ಹಕ್ಕು ಉಳಿಯಿತು. ಅದನ್ನು ಸ್ಥಾಪಿಸಲು ತೀರ ಆಯೋಗದವರು ನಕ್ಷೆಯನ್ನು ಮಾತ್ರ ನೋಡುವುದಿಲ್ಲ. ನಡೆದವರಿಗೆ ಒಂದು ಪ್ರಶ್ನಾವಳಿ ಕೊಡುತ್ತಾರೆ: ಯಾವ ವರ್ಷಗಳಲ್ಲಿ ನಡೆದಿರಿ, ಯಾವ ದಾರಿಯಲ್ಲಿ, ಏತಕ್ಕಾಗಿ, ಯಾರಾದರೂ ತಡೆದರೇ, ಬೇರೆ ಯಾರನ್ನು ಕಂಡಿರಿ. ಜನರ ನೆನಪೇ ಅಲ್ಲಿ ದಸ್ತಾವೇಜು.

ಊರಿಗೆ ಮರಳಿದ ಮೇಲೆ ಇದನ್ನು ಈಗ ವಕೀಲನಾಗಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೇಳಿದೆ. (ಅವನೇ ಇಪ್ಪತ್ತಕ್ಕೆ ಬದಲು ನಲವತ್ತು ಎಣಿಸಿ ಸಿಕ್ಕಿಬಿದ್ದವನು. ಯಾರೆಂದು ಅವನ ತರಗತಿಯವರಿಗೆ ಗೊತ್ತು.) ಅವನ ಮಾತು ಹೀಗೆ: ನಮ್ಮಲ್ಲಿಯೂ ದಾರಿಯಿಲ್ಲದಿಲ್ಲ, ಸರ್. 1991ರ ಫೆಬ್ರವರಿಯ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತದ ಗೆರೆಯಿಂದ 500 ಮೀಟರ್‌ವರೆಗಿನ ನೆಲಕ್ಕೆ ಕಟ್ಟುಪಾಡು ಹಾಕಿತು. ಎರಡು ರೆಸಾರ್ಟುಗಳ ನಡುವೆ ಜನರು ದಂಡೆಗೆ ಹೋಗಲು ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕೆಂದು ಅದರಲ್ಲಿಯೇ ಹೇಳಿತ್ತು. ಅದಕ್ಕಿಂತ ಹಳೆಯದು 1882ರ ಈಸ್‌ಮೆಂಟ್ ಕಾಯಿದೆ. ಇಪ್ಪತ್ತು ವರ್ಷ ಅಡ್ಡಿಯಿಲ್ಲದೆ ಬಳಸಿದ ದಾರಿಗೂ, ಊರಿನ ರೂಢಿಯಿಂದ ಬಂದ ಹಕ್ಕಿಗೂ ಅದರಲ್ಲಿ ಸ್ಥಾನವಿದೆ. ತೊಡಕು ಒಂದೇ. ಗ್ರಾಮನಕ್ಷೆಯಲ್ಲಿ ನಮ್ಮ ಕಾಲುದಾರಿಯ ಚುಕ್ಕೆಗೆರೆ ಇಲ್ಲ. ನಡೆದವರೇ ಹೇಳಬೇಕು. "ಸರ್, ಇಪ್ಪತ್ತೆಂಟು ವರ್ಷ ಪ್ರತಿ ನವೆಂಬರಿನಲ್ಲಿ ನಲವತ್ತು ನಲವತ್ತು ಸಾಕ್ಷಿಗಳನ್ನು ನೀವೇ ಸಾಲಾಗಿ ನಡೆಸಿದ್ದೀರಿ" ಎಂದು ನಕ್ಕ.

ಆದ್ದರಿಂದ ಇಷ್ಟು ದಿನ ತಡವಾಗಿ ಈ ಪ್ರವಾಸ ಕಥನ. ಅಘನಾಶಿನಿಯ ಅಳಿವೆಯು 2024ರ ಜನವರಿಯಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿದೆ. ಹಕ್ಕಿಗಳಿಗೆ ಜಗತ್ತಿನ ಮನ್ನಣೆ ಸಿಕ್ಕಿತು. ಅವನ್ನು ನೋಡಲು ನಮ್ಮೂರ ಮಕ್ಕಳಿಗೆ ದಾರಿ ಸಿಗಬೇಕಾಗಿದೆ. ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಯ ಕರಡು ಸಿದ್ಧವಾಗಿದೆ. ಜೊತೆಗೆ ಇಡಬೇಕಾದ ಹೇಳಿಕೆಗಳು ನಿಮ್ಮಿಂದ ಬರಬೇಕು. ನೀವು ಬೆಂಗಳೂರಿನಲ್ಲಿರಲಿ, ದುಬೈಯಲ್ಲಿರಲಿ, ಕ್ಯಾಲಿಫೋರ್ನಿಯಾದಲ್ಲಿಯೇ ಇರಲಿ, ಅರ್ಧ ಪುಟ ಸಾಕು. ಯಾವ ವರ್ಷದ ಒಂಬತ್ತನೆಯ ತರಗತಿ ಎಂಬುದನ್ನು ಮೊದಲು ಬರೆಯಿರಿ. ದಾರಿ ಎಲ್ಲಿ ಶುರುವಾಗುತ್ತಿತ್ತು, ಎಲ್ಲಿ ತಿರುಗುತ್ತಿತ್ತು, ಎಷ್ಟು ಅಗಲವಿತ್ತು, ಶಾಲೆಯ ಜೊತೆಗಲ್ಲದೆ ಬೇರೆ ಯಾವಾಗ ನಡೆದಿರಿ, ಎದುರು ಯಾರು ಸಿಗುತ್ತಿದ್ದರು. ಉತ್ಪ್ರೇಕ್ಷೆ ಬೇಡ; ನೆನಪಿಲ್ಲದ್ದನ್ನು ಸೇರಿಸಬೇಡಿ. ಕೊನೆಗೆ ಸಹಿ, ತಾರೀಕು. ಹಳೆಯ ಫೋಟೋ ಇದ್ದವರು, ಅದರಲ್ಲಿ ಹಿಂದೆ ಕೇದಿಗೆ ಹಿಂಡಿಲು ಕಾಣುವಂತಿದ್ದರೆ, ಅದರ ಪ್ರತಿಯೊಂದನ್ನು ಲಗತ್ತಿಸಿ.

ದಾರಿ ದಂಡೆಗೆ ಇಳಿಯುವಲ್ಲಿ ಬಲಗಡೆಗೆ ಕಟ್ಟೆಯಿಲ್ಲದ ಒಂದು ಸಿಹಿನೀರಿನ ಬಾವಿಯಿತ್ತು. ಹೋಗುವಾಗ ಯಾರೂ ಬಗ್ಗಿ ನೋಡಬಾರದೆಂದು ಗದರಿಸಿ, ಬರುವಾಗ ಅದರದೇ ನೀರು ಕುಡಿಸುತ್ತಿದ್ದೆ. ಅದೀಗ ಮುಚ್ಚಿಹೋಗಿದೆ. ಅದು ನೆನಪಿರುವವರು ಎಲ್ಲಿತ್ತೆಂದು ತಪ್ಪದೆ ಬರೆಯಿರಿ. ದಾರಿಯನ್ನು ಅಳೆಯಲು ಅದು ಬೇಕಾಗುತ್ತದೆಂದು ವಕೀಲನ ಅಭಿಪ್ರಾಯ.